ಸೋಗಾನೆಗೆ ಬಂದಿಳಿಯುವ ವಿಮಾನದ ಲೆಕ್ಕ ಇಡುವವರು

ಕಳೆದ ಬೇಸಿಗೆಯಲ್ಲಿ ನನ್ನ ಚಿಕ್ಕಮ್ಮ ಮೊದಲ ಸಲ ವಿಮಾನ ಹತ್ತಿದರು. ಜೊತೆಗೆ ನಾನಿದ್ದೆ. ತೀರ್ಥಹಳ್ಳಿಯಿಂದ ಹೊರಟು ಶಿವಮೊಗ್ಗದ ಬಳಿಯ ಸೋಗಾನೆಯ ವಿಮಾನ ನಿಲ್ದಾಣ ಸೇರಿ ಗಾಜಿನ ಬಳಿ ಕುಳಿತಿದ್ದಾಗ ಬೆಂಗಳೂರಿನಿಂದ ಬಂದ ಎಟಿಆರ್ ವಿಮಾನ ಜನರನ್ನು ಇಳಿಸಿತು. ಪೈಲಟ್ ಕೆಳಗಿಳಿದು ಅದರ ಸುತ್ತ ಒಂದು ಸುತ್ತು ನಡೆದರು, ಚಕ್ರದ ಬಳಿ ಬಗ್ಗಿದರು, ರೆಕ್ಕೆಯ ಕಡೆ ಕತ್ತೆತ್ತಿ ನೋಡಿ ಮತ್ತೆ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ನಮ್ಮನ್ನು ಕರೆದರು. ಸಾಲಿನಲ್ಲಿ ನಿಂತಾಗ ಚಿಕ್ಕಮ್ಮ ಕೇಳಿದರು: "ಬಸ್ಸಾದರೆ ರಾತ್ರಿ ಡಿಪೋಗೆ ಹೋಗುತ್ತದೆ. ಇದು ಬಂದ ಕಾಲಲ್ಲೇ ತಿರುಗಿ ಹೊರಟಿತಲ್ಲ, ಇದರ ಆರೈಕೆ ಮಾಡುವವರು ಯಾರು?"

ಆ ಆರೈಕೆಯ ಲೆಕ್ಕಪತ್ರದಲ್ಲೇ ಇಪ್ಪತ್ತು ವರ್ಷ ಕಳೆದವನು ನಾನು. ಆದರೂ ಸಾಲಿನಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಲಾಗಲಿಲ್ಲ. ಅವರಿಗೆ ಆಮೇಲೆ ನಿಧಾನವಾಗಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಡಿಕೆ ತೋಟದಿಂದಲೇ ಶುರುಮಾಡುತ್ತೇನೆ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವವನು ಕೊನೆಗಾರ. ಮರದಿಂದ ಮರಕ್ಕೆ ದಾಟುತ್ತಾ ಗೊನೆಗೆ ಸರಿಯಾಗಿ ಔಷಧಿ ತಾಗಿಸುವುದು ಅವನ ಕಸುಬು, ಅದರಲ್ಲಿ ಅವನನ್ನು ಮೀರಿಸುವವರಿಲ್ಲ. ಆದರೆ ಮೊದಲ ಸುತ್ತು ಮಳೆ ಹಿಡಿಯುವ ಮುನ್ನ ಮುಗಿಯಬೇಕು, ಎರಡನೆಯದು 40-45 ದಿನಕ್ಕೆ ಬೀಳಬೇಕು, ಹೋದ ವರ್ಷ ಹಳ್ಳದ ಬದಿಯ ತುಂಡಿನಲ್ಲಿ ಕೊಳೆ ಜಾಸ್ತಿಯಾಗಿತ್ತು, ಈ ಸಲದ ಮೈಲುತುತ್ತ ಯಾವ ಅಂಗಡಿಯದು ಎಂಬುದೆಲ್ಲ ಇರುವುದು ತೋಟದ ಯಜಮಾನನ ಪುಸ್ತಕದಲ್ಲಿ. ಕೊನೆಗಾರ ಎಷ್ಟೇ ನಿಪುಣನಾದರೂ ಪುಸ್ತಕ ತಪ್ಪಿದರೆ ಫಸಲು ನೆಲಕ್ಕೆ ಉದುರುತ್ತದೆ.

ವಿಮಾನ ಲೋಕದಲ್ಲಿ ಸ್ಪ್ಯಾನರ್ ಹಿಡಿಯುವ ಕೊನೆಗಾರರು ದುರಸ್ತಿ ಸಂಸ್ಥೆಯವರು. ಪುಸ್ತಕ ಹಿಡಿಯುವ ಯಜಮಾನಿಕೆ ಬೇರೊಂದು ಸಂಸ್ಥೆಯದು. ಅದಕ್ಕೆ ನಿರಂತರ ಹಾರಾಟ ಯೋಗ್ಯತೆಯ ನಿರ್ವಹಣಾ ಸಂಸ್ಥೆ ಎಂಬ ಉದ್ದನೆಯ ಹೆಸರಿದೆ, ನಾವೆಲ್ಲ ಬಾಯಲ್ಲಿ ಹೇಳುವುದು ಕ್ಯಾಮೊ ಎಂದು. ಯಾವ ತಪಾಸಣೆ ಯಾವಾಗ ಆಗಬೇಕು, ಯಾವ ಬಿಡಿಭಾಗದ ಆಯಸ್ಸು ಎಷ್ಟು ಉಳಿದಿದೆ, ತಯಾರಕರು ಮತ್ತು ಸರ್ಕಾರ ಹೊರಡಿಸಿದ ಯಾವ ಆದೇಶ ಈ ವಿಮಾನಕ್ಕೆ ಅನ್ವಯಿಸುತ್ತದೆ, ಮುಂದೂಡಿದ ಸಣ್ಣ ದೋಷವನ್ನು ಎಷ್ಟು ದಿನದೊಳಗೆ ಸರಿಪಡಿಸಬೇಕು ಎಂಬುದನ್ನೆಲ್ಲ ಕ್ಯಾಮೊ ನೋಡುತ್ತದೆ. ಭಾರತದಲ್ಲಿ ಇದಕ್ಕೆ ಪರವಾನಗಿ ಕೊಡುವುದು, ಮೇಲ್ವಿಚಾರಣೆ ಮಾಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಕ್ಯಾಮೊದಲ್ಲಿ ಕೆಲಸ ಮಾಡುವವನ ಕೈಗೆ ಗ್ರೀಸ್ ಅಂಟುವುದಿಲ್ಲ. ಅವನು ಬರೆಯುವ ಒಂದು ಅಂಕಿಯನ್ನು ನಂಬಿ ನೂರು ಜನ ಆಕಾಶಕ್ಕೆ ಏರುತ್ತಾರೆ.

ಆ ಅಂಕಿಗಳು ಮೂರು ಬಗೆ. ಹಾರಿದ ಗಂಟೆಗಳು, ಕಳೆದ ದಿನಗಳು ಮತ್ತು ಸೈಕಲ್. ಒಮ್ಮೆ ಏರಿ ಒಮ್ಮೆ ಇಳಿದರೆ ಒಂದು ಸೈಕಲ್. ಮೇಲೆ ಹೋದಾಗ ಒಳಗಿನ ಗಾಳಿಯ ಒತ್ತಡಕ್ಕೆ ವಿಮಾನದ ಮೈ ಕೂದಲೆಳೆಯಷ್ಟು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ತಂತಿಯನ್ನು ಆ ಕಡೆ ಈ ಕಡೆ ಬಾಗಿಸುತ್ತಾ ಹೋದರೆ ಒಂದು ಹಂತದಲ್ಲಿ ತುಂಡಾಗುವುದಿಲ್ಲವೇ, ಲೋಹದ ದಣಿವು ಎಂದರೆ ಅದೇ. ಲಂಡನ್ನಿಗೆ ಹೋಗುವ ವಿಮಾನಕ್ಕೆ ಹತ್ತು ಗಂಟೆಗೆ ಒಂದು ಸೈಕಲ್ ಆದರೆ ಬೆಂಗಳೂರು-ಶಿವಮೊಗ್ಗದಂಥ ಸಣ್ಣ ದಾರಿಯಲ್ಲಿ ಓಡುವ ವಿಮಾನಕ್ಕೆ ಹೆಚ್ಚುಕಡಿಮೆ ಗಂಟೆಗೊಂದು. ಅದಕ್ಕಾಗಿಯೇ ಅಂಥ ವಿಮಾನಗಳನ್ನು ಹೆಚ್ಚು ಏರಿಳಿತ ತಡೆಯುವಂತೆ ಕಟ್ಟುತ್ತಾರೆ, ಲೆಕ್ಕವನ್ನೂ ಅಷ್ಟೇ ಬಿಗಿಯಾಗಿ ಇಡುತ್ತಾರೆ.

ಈ ಲೆಕ್ಕದ ಗಂಭೀರತೆಯನ್ನು ಲೋಕಕ್ಕೆ ಕಾಣಿಸಿದ ದಿನ 1988ರ ಏಪ್ರಿಲ್ 28. ಹವಾಯಿಯ ಹಿಲೋದಿಂದ ಹೊನೊಲುಲುವಿಗೆ ಹೊರಟ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737, ಸುಮಾರು 24,000 ಅಡಿ ಎತ್ತರದಲ್ಲಿದ್ದಾಗ ಮುಂಭಾಗದ ಚಾವಣಿಯನ್ನು ಹದಿನೆಂಟು ಅಡಿಯಷ್ಟು ಉದ್ದಕ್ಕೆ ಕಳೆದುಕೊಂಡಿತು. ಗಗನಸಖಿಯೊಬ್ಬರು ಗಾಳಿಗೆ ಸೆಳೆದುಹೋಗಿ ಸತ್ತರು. ಉಳಿದ 94 ಜನರನ್ನು ಪೈಲಟ್‌ಗಳು ತೆರೆದ ಆಕಾಶದ ಕೆಳಗೇ ಇಳಿಸಿದರು. ಆ ವಿಮಾನ ಹಾರಿದ್ದು 35,496 ಗಂಟೆ, ಸೈಕಲ್ ಮಾತ್ರ 89,680. ಭಾಗಿಸಿ ನೋಡಿದರೆ ಒಂದು ಹಾರಾಟಕ್ಕೆ 24 ನಿಮಿಷವೂ ಬರುವುದಿಲ್ಲ. ತಯಾರಕರು ಅಂದಾಜಿಸಿದ್ದ ಆಯಸ್ಸು 75,000 ಸೈಕಲ್. ಜೊತೆಗೆ ದ್ವೀಪಗಳ ಉಪ್ಪುಗಾಳಿ. ತಗಡುಗಳನ್ನು ಅಂಟಿಸಿದ್ದ ಜೋಡಣೆ ಬಿಟ್ಟುಕೊಂಡಿತ್ತು, ತುಕ್ಕು ಹಿಡಿದಿತ್ತು, ರಿವೆಟ್ಟಿನಿಂದ ರಿವೆಟ್ಟಿಗೆ ಸಣ್ಣ ಬಿರುಕುಗಳು ಕೈ ಹಿಡಿದುಕೊಂಡಿದ್ದವು. ಇದನ್ನು ಮೊದಲೇ ಕಂಡುಹಿಡಿಯದ ನಿರ್ವಹಣಾ ಕ್ರಮವನ್ನೇ ಅಮೆರಿಕದ ತನಿಖಾ ಮಂಡಳಿ ದೂರಿತು.

ಆ ವರದಿಯಲ್ಲಿ ಒಂದು ಸಣ್ಣ ವಿವರವಿದೆ. ಎಷ್ಟು ವರ್ಷವಾದರೂ ಅದು ನನ್ನ ಮನಸ್ಸಿನಿಂದ ಹೋಗಿಲ್ಲ. ಹಿಲೋದಲ್ಲಿ ವಿಮಾನ ಹತ್ತುವಾಗ ಪ್ರಯಾಣಿಕರೊಬ್ಬರು ಬಾಗಿಲಿನ ಪಕ್ಕದಲ್ಲಿ ಉದ್ದನೆಯ ಬಿರುಕೊಂದನ್ನು ಕಂಡಿದ್ದರು. ಯಾರಿಗೂ ಹೇಳಲಿಲ್ಲ, ಒಳಗೆ ಹೋಗಿ ಕುಳಿತರು.

ಕಂಡವರು ಹೇಳುವುದು, ಕೇಳಿದವರು ಬರೆದಿಡುವುದು, ಬರೆದದ್ದರಿಂದ ನಾಳೆಯ ಕೆಲಸ ಬದಲಾಗುವುದು: ಸುರಕ್ಷತಾ ನಿರ್ವಹಣಾ ವ್ಯವಸ್ಥೆ ಎಂದರೆ ಮೂಲತಃ ಇಷ್ಟೇ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2013ರಲ್ಲಿ ತನ್ನ ಮೂಲ ಒಪ್ಪಂದಕ್ಕೆ ಸುರಕ್ಷತೆಗೆಂದೇ ಹತ್ತೊಂಬತ್ತನೆಯ ಅನುಬಂಧವನ್ನು ಜಾರಿಗೆ ತಂದು ಇದಕ್ಕೊಂದು ಚೌಕಟ್ಟು ಕೊಟ್ಟಿತು. ಯುರೋಪಿನಲ್ಲಿ 2020ರ ಮಾರ್ಚ್ 24ರಿಂದ ಅನ್ವಯವಾದ ಪಾರ್ಟ್-ಕ್ಯಾಮೊ ನಿಯಮಗಳು ಇದನ್ನು ಪುಸ್ತಕ ಹಿಡಿಯುವವರ ಹೆಗಲಿಗೂ ನೇರವಾಗಿ ಹೊರಿಸಿದವು. ಚೌಕಟ್ಟಿಗೆ ನಾಲ್ಕು ಕಂಬ. ಸುರಕ್ಷತೆಯ ಹೊಣೆ ಯಾರದು ಎಂದು ಸಂಸ್ಥೆಯ ಮುಖ್ಯಸ್ಥರೇ ಬರೆದು ಸಹಿ ಹಾಕುವುದು ಮೊದಲನೆಯದು. ಅಪಾಯದ ಮೂಲ ಹುಡುಕಿ ಅದರ ತೂಕ ನೋಡುವುದು ಎರಡನೆಯದು. ತೆಗೆದುಕೊಂಡ ಕ್ರಮ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ಅಳೆಯುತ್ತಿರುವುದು ಮೂರನೆಯದು. ತರಬೇತಿ ಮತ್ತು ಮಾತುಕತೆ ನಾಲ್ಕನೆಯದು. ತರಬೇತಿ ಕೊಠಡಿಗಳಲ್ಲಿ ಈ ನಾಲ್ಕನ್ನು ಬಾಯಿಪಾಠ ಮಾಡಿಸುತ್ತಾರೆ. ನನ್ನ ಅನುಭವದಲ್ಲಿ ಎರಡನೆಯದೂ ಮೂರನೆಯದೂ ದಿನದ ಕೆಲಸದಲ್ಲಿ ಹೇಗೆ ಕಾಣುತ್ತವೆ ಎಂದು ನೋಡದಿದ್ದರೆ ಉಳಿದದ್ದು ಗೋಡೆಯ ಫಲಕವಾಗಿ ಉಳಿಯುತ್ತದೆ.

ಹತ್ತಿರದಿಂದ ನೋಡೋಣ. ಒಂದು ವಿಮಾನ ಬೇರೆ ಕಂಪನಿಯಿಂದ ಗುತ್ತಿಗೆಗೆ ಬಂದಿದೆ ಎಂದುಕೊಳ್ಳಿ. ಎಂಜಿನ್ನಿನೊಳಗಿನ ಒಂದು ತಟ್ಟೆಯ ಆಯಸ್ಸು 15,000 ಸೈಕಲ್. ಹಳೆಯ ಕಂಪನಿಯ ಕಾಗದದಲ್ಲಿ ಆ ತಟ್ಟೆ ಈಗಾಗಲೇ 14,210 ಸೈಕಲ್ ಮುಗಿಸಿದೆ. ನಮ್ಮ ಗಣಕಯಂತ್ರಕ್ಕೆ ಏರಿಸುವಾಗ ಎರಡು ಅಂಕೆ ಅದಲುಬದಲಾಗಿ 12,410 ಎಂದು ದಾಖಲಾಯಿತು. ನಿಜಕ್ಕೂ ಉಳಿದಿರುವುದು 790, ಪರದೆಯ ಮೇಲೆ ಕಾಣುವುದು 2,590. ದಿನಕ್ಕೆ ಎಂಟು ಹಾರಾಟವಾದರೆ ತೊಂಬತ್ತೊಂಬತ್ತನೆಯ ದಿನಕ್ಕೆ ತಟ್ಟೆಯ ಆಯಸ್ಸು ಮುಗಿಯುತ್ತದೆ. ಪರದೆ ಮಾತ್ರ ಇನ್ನೂ ಏಳು ತಿಂಗಳಿಗೂ ಹೆಚ್ಚು ಕಾಲ ಹಸಿರು ಬಣ್ಣದಲ್ಲೇ ಇರುತ್ತದೆ. ಯಾವ ಪೈಲಟ್ ಎಷ್ಟು ಸುತ್ತು ಬಂದು ನೋಡಿದರೂ ಇದು ಕಣ್ಣಿಗೆ ಬೀಳುವಂಥದ್ದಲ್ಲ.

ಯಾರೋ ಹುಡುಗಿಯೊಬ್ಬಳು ಬೇರೇನೋ ಹುಡುಕುವಾಗ ಇದನ್ನು ಕಂಡಳು ಎನ್ನಿ. ಹಳೆಯ ಪದ್ಧತಿಯಲ್ಲಿ ಅಂಕಿ ತಿದ್ದಿ, ತಪ್ಪು ಮಾಡಿದವನಿಗೆ ಎಚ್ಚರಿಕೆ ಪತ್ರ ಕೊಟ್ಟು ಕಡತ ಮುಚ್ಚುತ್ತಿದ್ದರು. ಈ ವ್ಯವಸ್ಥೆ ಅಲ್ಲಿಗೆ ಬಿಡುವುದಿಲ್ಲ. ಅಂಕಿ ಏರಿಸಿದ್ದು ಯಾವ ಹೊತ್ತಿನಲ್ಲಿ? ತಿಂಗಳ ಕೊನೆಯ ರಾತ್ರಿ. ಯಾವುದರಿಂದ ನೋಡಿ? ಮಸುಕಾದ ಸ್ಕ್ಯಾನ್ ಪ್ರತಿಯಿಂದ. ಇನ್ನೊಬ್ಬರು ತಾಳೆ ನೋಡಿದರೇ? ವಿಮಾನ ಬೇಗ ಸೇವೆಗೆ ಇಳಿಯಬೇಕಿತ್ತು, ಇಲ್ಲ. ಹಾಗಾದರೆ ಅದೇ ರಾತ್ರಿ ಏರಿಸಿದ ಉಳಿದ ಇನ್ನೂರು ಅಂಕಿಗಳ ಗತಿ ಏನು? ಇಂಥ ತಪ್ಪಿನ ಪರಿಣಾಮ ಎಷ್ಟು ಘೋರ, ಅದು ಮತ್ತೆ ಆಗುವ ಸಂಭವ ಎಷ್ಟು ಎಂದು ಎರಡನ್ನೂ ಅಳೆಯುತ್ತಾರೆ. ಪರಿಣಾಮಕ್ಕೆ ಎ ಇಂದ ಇ ವರೆಗೆ ಅಕ್ಷರ, ಸಂಭವಕ್ಕೆ 5ರಿಂದ 1ರ ವರೆಗೆ ಅಂಕೆ, ಎರಡೂ ಸೇರಿ ಒಂದು ಕೋಷ್ಟಕ. 5ಎ ಎಂದರೆ ಸಹಿಸಲಾಗದ್ದು, ಕೆಲಸ ನಿಲ್ಲಿಸಲೇಬೇಕು. 1ಇ ಎಂದರೆ ಗಮನದಲ್ಲಿಟ್ಟು ಮುಂದೆ ಹೋಗಬಹುದು. ಎಂಜಿನ್ ತಟ್ಟೆ ಒಡೆಯುವ ಮಾತು ಬಂದಾಗ ಅಕ್ಷರ ಎ ಬಿಟ್ಟು ಕೆಳಗಿಳಿಯುವುದಿಲ್ಲ, ಆದ್ದರಿಂದ ಅಂಕೆಯನ್ನು ಇಳಿಸಲೇಬೇಕು. ಆಯಸ್ಸಿನ ಅಂಕಿಗಳನ್ನು ಇಬ್ಬರು ಬೇರೆಬೇರೆಯಾಗಿ ಏರಿಸಬೇಕು, ಎರಡೂ ತಾಳೆಯಾಗದೆ ಗಣಕಯಂತ್ರ ಒಪ್ಪಬಾರದು ಎಂಬ ಕಟ್ಟಳೆ ಬರುತ್ತದೆ. ಆರು ತಿಂಗಳ ನಂತರ ಮಾದರಿಗೆ ಕೆಲವು ಕಡತ ತೆಗೆದು, ಕಟ್ಟಳೆಯಿಂದ ತಪ್ಪು ಕಡಿಮೆಯಾಯಿತೇ ಎಂದು ನೋಡುತ್ತಾರೆ. ಆಗದಿದ್ದರೆ ಮತ್ತೆ ಮೊದಲಿನಿಂದ ಯೋಚಿಸುತ್ತಾರೆ.

ಕ್ಯಾಮೊದ ಇನ್ನೊಂದು ಕೆಲಸ ತಪಾಸಣೆಗಳ ನಡುವಿನ ಅವಧಿಯನ್ನು ತೀರ್ಮಾನಿಸುವುದು. ಇದರಲ್ಲಿ ತಪ್ಪು ಒಮ್ಮೆಲೇ ಆಗುವುದಿಲ್ಲ, ಮೆಲ್ಲಮೆಲ್ಲಗೆ ಬೆಳೆಯುತ್ತದೆ. 2000ದ ಜನವರಿ 31ರಂದು ಅಲಾಸ್ಕಾ ಏರ್‌ಲೈನ್ಸ್‌ನ ಎಂಡಿ-83 ವಿಮಾನ ಕ್ಯಾಲಿಫೋರ್ನಿಯಾದ ಬಳಿ ಪೆಸಿಫಿಕ್ ಸಾಗರಕ್ಕೆ ಬಿದ್ದು ಅದರಲ್ಲಿದ್ದ 88 ಜನರೂ ಸತ್ತರು. ಬಾಲದ ಅಡ್ಡರೆಕ್ಕೆಯನ್ನು ಏರಿಳಿಸುವ ದೊಡ್ಡ ತಿರುಪೊಂದಿತ್ತು. ಗ್ರೀಸ್ ಸಾಲದೆ ಅದರ ನಟ್ಟಿನ ಒಳಗಿನ ಎಳೆಗಳು ಪೂರ್ತಿ ಸವೆದುಹೋಗಿದ್ದವು. ಹಿಂದೆ ಕೆಲವು ನೂರು ಗಂಟೆಗೊಮ್ಮೆ ಹಾಕುತ್ತಿದ್ದ ಗ್ರೀಸ್, ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಾ, 1996ರ ಹೊತ್ತಿಗೆ ಗಂಟೆಗಳ ಮಿತಿಯೇ ಇಲ್ಲದೆ ಎಂಟು ತಿಂಗಳಿಗೊಮ್ಮೆ ಎಂದಾಗಿತ್ತು. ಅಂದರೆ ಸುಮಾರು 2,550 ಗಂಟೆಗೊಮ್ಮೆ. ಸವೆತ ಅಳೆಯುವ ತಪಾಸಣೆಯ ಅವಧಿಯೂ ಹಿಗ್ಗಿತ್ತು. ಪ್ರತಿ ಹೆಜ್ಜೆಯಲ್ಲೂ ಅದು ಸಣ್ಣ ಬದಲಾವಣೆ, ಪ್ರತಿ ಹೆಜ್ಜೆಗೂ ವಿವರಣೆ ಇತ್ತು. ಎಲ್ಲ ಹೆಜ್ಜೆಗಳನ್ನೂ ಕೂಡಿಸಿ, ಹೊರಟ ಜಾಗದಿಂದ ಎಷ್ಟು ದೂರ ಬಂದೆವು ಎಂದು ಅಳೆದವರಿರಲಿಲ್ಲ. ಬದಲಾವಣೆಯ ನಿರ್ವಹಣೆ ಎಂಬ ಅಂಶವನ್ನು ಸುರಕ್ಷತಾ ವ್ಯವಸ್ಥೆ ಒಳಗೊಂಡಿರುವುದು ಈ ಕಾರಣಕ್ಕೆ. ಅವಧಿ ಹಿಗ್ಗಿಸುವ ಪ್ರಸ್ತಾವ ನನ್ನ ಮೇಜಿಗೆ ಬಂದಾಗಲೆಲ್ಲ ಆ ಬೋಳಾದ ನಟ್ಟಿನ ಚಿತ್ರ ಕಣ್ಣಮುಂದೆ ಬರುತ್ತಿತ್ತು.

ಇನ್ನು ಹೇಳುವ-ಕೇಳುವ ಮಾತಿಗೆ ಬರುತ್ತೇನೆ. ಇದನ್ನು ನಮ್ಮ ಜಿಲ್ಲೆಯವರಿಗೆ ವಿವರಿಸಲು ವಿಮಾನವೇ ಬೇಕಾಗಿಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಉಣ್ಣೆ ಕಚ್ಚಿ ಬರುವ ಕಾಯಿಲೆ. ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಮೇಲಿನ ಉಣ್ಣೆಗಳು ಕೆಳಗುದುರಿ ಸುತ್ತಲಿನ ದರಕಿನಲ್ಲಿ, ಅಂದರೆ ಒಣ ಎಲೆಗಳಲ್ಲಿ, ಹರಡುತ್ತವೆ. ಮರುದಿನ ಅಲ್ಲಿಗೆ ದರಕು ಗುಡಿಸಲು ಹೋದವರಿಗೆ, ಸೌದೆಗೆ ಹೋದವರಿಗೆ, ದನ ಮೇಯಿಸುವವರಿಗೆ ಜ್ವರ. ಹಾಗಾಗಿ ಮಂಗ ಸತ್ತಿದ್ದನ್ನು ಕಂಡರೆ ಕೂಡಲೇ ಆರೋಗ್ಯ ಇಲಾಖೆಗೆ ತಿಳಿಸಿ ಎಂದು ಪ್ರತಿ ವರ್ಷ ಹೇಳುತ್ತಾರೆ. ತಿಳಿಸಿದರೆ ಮಾದರಿ ಪರೀಕ್ಷೆಗೆ ಹೋಗುತ್ತದೆ, ಆ ಜಾಗದಲ್ಲಿ ಔಷಧಿ ಸಿಂಪಡಿಸುತ್ತಾರೆ, ಆಶಾ ಕಾರ್ಯಕರ್ತೆಯರು ಮನೆಮನೆಗೆ ಮೈಗೆ ಹಚ್ಚುವ ಎಣ್ಣೆ ಹಂಚುತ್ತಾರೆ. ಆಸ್ಪತ್ರೆಗೆ ಬಂದ ರೋಗಿಗಳ ಲೆಕ್ಕ ನಡೆದುಹೋದದ್ದನ್ನು ಹೇಳುತ್ತದೆ, ಸತ್ತ ಮಂಗಗಳ ಲೆಕ್ಕ ಬರಲಿರುವುದನ್ನು. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳನ್ನು ಕಂಡವರಿಗೆ ಈ ಎರಡು ಲೆಕ್ಕಗಳ ನಡುವಿನ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ಯಾಮೊಗೂ ಸತ್ತ ಮಂಗಗಳಿವೆ. ಮುಂದೂಡಿದ ದೋಷಗಳ ಪಟ್ಟಿ ಈ ತಿಂಗಳು ಯಾಕೆ ಉದ್ದವಾಯಿತು, ಕಡೆಯ ದಿನದವರೆಗೂ ಉಳಿದುಕೊಂಡ ತಪಾಸಣೆಗಳು ಎಷ್ಟು, ಒಂದೇ ದೋಷ ಎಷ್ಟು ಸಲ ಮರಳಿ ಬಂತು, ಕಡತಗಳಲ್ಲಿ ಎಷ್ಟು ತಪ್ಪು ಸಿಕ್ಕಿತು. ಎಲ್ಲಕ್ಕಿಂತ ಮೊದಲನೆಯದು, ಕೆಲಸಗಾರರು ತಾವಾಗಿಯೇ ಬರೆದುಕೊಟ್ಟ ವರದಿಗಳು ಎಷ್ಟು.

ಈ ಕೊನೆಯದನ್ನು ನಾನು ಕಲಿತದ್ದು ಒಂದು ಕಹಿ ಪ್ರಸಂಗದಿಂದ. ಆಗ ನಾನಿದ್ದ ಕಚೇರಿಗೆ ಒಂದು ಬೆಳಗಿನ ಜಾವ ನಾಲ್ಕೂ ಮುಕ್ಕಾಲಿಗೆ ಫೋನ್ ಬಂತು. ರಾತ್ರಿ ಪಾಳಿಯ ತಂತ್ರಜ್ಞ, ಕೆಲಸಕ್ಕೆ ಸೇರಿ ವರ್ಷವೂ ಆಗದ ಹುಡುಗ. ರೆಕ್ಕೆಯ ಬುಡದಲ್ಲಿ ಕೆಲಸ ಮಾಡಿ ಮುಚ್ಚಳ ಹಾಕಿದ ಮೇಲೆ ಅವನ ತಪಾಸಣಾ ಕನ್ನಡಿ ಪೆಟ್ಟಿಗೆಯಲ್ಲಿ ಕಾಣಿಸಲಿಲ್ಲ. ಉದ್ದ ಹಿಡಿಯ, ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ದುಂಡು ಕನ್ನಡಿ. "ಒಳಗೇ ಬಿಟ್ಟಿರಬಹುದು ಸರ್, ಖಚಿತವಿಲ್ಲ" ಎಂದ. ಅವನ ದನಿ ನಡುಗುತ್ತಿತ್ತು. ನಿಯಂತ್ರಣ ತಂತಿಗಳ ನಡುವೆ ಆ ಕನ್ನಡಿ ಸಿಕ್ಕಿಕೊಂಡರೆ ಏನಾಗಬಹುದು ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆರು ಗಂಟೆಯ ವಿಮಾನವನ್ನು ನಿಲ್ಲಿಸಿದೆವು. ಮೂರು ತಾಸು ಮುಚ್ಚಳಗಳನ್ನೆಲ್ಲ ತೆಗೆದು ಹುಡುಕಿದರು. ಕನ್ನಡಿ ಕೊನೆಗೆ ಸಿಕ್ಕಿದ್ದು ಪಕ್ಕದ ಪಾಳಿಯವರ ಗಾಡಿಯ ಕೆಳಗಿನ ಖಾನೆಯಲ್ಲಿ.

ವಿಳಂಬದ ನಷ್ಟಕ್ಕೆ ಹುಡುಗನನ್ನು ಹೊಣೆ ಮಾಡಿ ಎಲ್ಲರೆದುರು ಬೈದರು, ಆ ತಿಂಗಳ ಭತ್ಯೆಯನ್ನು ತಡೆದರು. ಮುಂದಿನ ನಾಲ್ಕು ತಿಂಗಳು ಆ ಕಚೇರಿಗೆ ಒಂದೇ ಒಂದು ವರದಿ ಬರಲಿಲ್ಲ. ಪರಿಶೀಲನಾ ಸಭೆಯಲ್ಲಿ ಆ ಸೊನ್ನೆಯನ್ನು ಸಾಧನೆ ಎಂದು ಪರದೆಯ ಮೇಲೆ ತೋರಿಸಿದರು. ನಾನು ಆ ಕೋಣೆಯಲ್ಲಿ ಕುಳಿತಿದ್ದೆ, ಮಾತನಾಡಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಮಂಗ ಸತ್ತ ಸುದ್ದಿ ಬರಲಿಲ್ಲವೆಂದರೆ ಮಂಗ ಸತ್ತಿಲ್ಲ ಎಂದು ಅರ್ಥವಲ್ಲ, ಹೇಳುವವರು ಸುಮ್ಮನಾಗಿದ್ದಾರೆ ಎಂದೂ ಇರಬಹುದು.

ಮುಂದೆ ಬಂದ ಹೊಸ ಮುಖ್ಯಸ್ಥರು ಮೊದಲು ಮಾಡಿದ ಕೆಲಸ ಆ ಹುಡುಗನನ್ನು ಕರೆಸಿ ಕ್ಷಮೆ ಕೇಳಿದ್ದು. ಎರಡನೆಯದು, ಪ್ರತಿ ಉಪಕರಣಕ್ಕೂ ಅದರದೇ ಆಕಾರದ ಗುಂಡಿ ಕೊರೆದ ಪೆಟ್ಟಿಗೆ ತರಿಸಿದ್ದು. ಕನ್ನಡಿ ಇಲ್ಲದಿದ್ದರೆ ಅದರ ಆಕಾರದ ಗುಂಡಿ ಬರಿದಾಗಿ ಕಾಣುತ್ತದೆ, ಪಾಳಿ ಮುಗಿಸುವ ಮುನ್ನವೇ ಗೊತ್ತಾಗುತ್ತದೆ. ಮೂರನೆಯದು, ವರದಿ ಕೊಟ್ಟ ಪ್ರತಿಯೊಬ್ಬರಿಗೂ ಹತ್ತು ದಿನದೊಳಗೆ ಉತ್ತರ. ನೀವು ಹೇಳಿದ್ದನ್ನು ನೋಡಿದೆವು, ಇದನ್ನು ಮಾಡಿದೆವು, ಅಥವಾ ಇಂಥ ಕಾರಣಕ್ಕೆ ಮಾಡಲಿಲ್ಲ ಎಂದು. ವರ್ಷ ತುಂಬುವುದರೊಳಗೆ ವರದಿಗಳು ಮತ್ತೆ ಬರತೊಡಗಿದವು.

ಹಾಗಾದರೆ ತಪ್ಪು ಮಾಡಿದವರಿಗೆಲ್ಲ ಮಾಫಿಯೇ ಎಂದು ಕೇಳುವವರಿದ್ದಾರೆ. ಇಲ್ಲ. ಕುಡಿದು ಕೆಲಸಕ್ಕೆ ಬಂದವನನ್ನು, ಮಾಡದ ತಪಾಸಣೆಗೆ ಸಹಿ ಹಾಕಿದವನನ್ನು ಯಾವ ವ್ಯವಸ್ಥೆಯೂ ಕಾಯುವುದಿಲ್ಲ. ನ್ಯಾಯಯುತ ಸಂಸ್ಕೃತಿ ಎಂದು ಕರೆಯುವ ನಿಲುವು ಕೇಳುವ ಪ್ರಶ್ನೆ ಬೇರೆ: ಅದೇ ಹೊತ್ತಿನಲ್ಲಿ, ಅದೇ ಜಾಗದಲ್ಲಿ, ಅಷ್ಟೇ ಕಸುಬುದಾರನಾದ ಇನ್ನೊಬ್ಬ ಇದ್ದಿದ್ದರೂ ಹಾಗೆಯೇ ಮಾಡುತ್ತಿದ್ದನೇ? 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನದ ಮುಂಗಾಜು ಕಿತ್ತುಹೋಗಿ ಕ್ಯಾಪ್ಟನ್ ಅರ್ಧ ದೇಹ ಹೊರಕ್ಕೆ ಸೆಳೆಯಲ್ಪಟ್ಟರು. ಸಹೋದ್ಯೋಗಿಗಳು ಕಾಲು ಹಿಡಿದುಕೊಂಡೇ ಇದ್ದರು, ಅವರು ಬದುಕಿದರು. ಗಾಜಿಗೆ ಹಾಕಿದ್ದ 90 ಬೋಲ್ಟುಗಳಲ್ಲಿ 84 ಬೋಲ್ಟುಗಳು ಇರಬೇಕಾದ ದಪ್ಪಕ್ಕಿಂತ ಸಣ್ಣವಾಗಿದ್ದವು, ವ್ಯತ್ಯಾಸ ಮುಕ್ಕಾಲು ಮಿಲಿಮೀಟರಿಗೂ ಕಡಿಮೆ. ಜನ ಕಡಿಮೆಯಿದ್ದ ರಾತ್ರಿ ಪಾಳಿಯಲ್ಲಿ, ಮಬ್ಬು ಬೆಳಕಿನ ಖಾನೆಯಿಂದ, ಹಳೆಯ ಬೋಲ್ಟಿಗೆ ಕಣ್ಣಳತೆಯಲ್ಲಿ ಹೋಲಿಸಿ ಆರಿಸಿದ್ದರು. ಬಿಡಿಭಾಗಗಳ ಪಟ್ಟಿ ನೋಡದೆ ಆರಿಸಿದ್ದು ತಪ್ಪೇ. ಆದರೆ ಆ ವ್ಯಕ್ತಿಯೊಬ್ಬನನ್ನು ತೆಗೆದುಹಾಕಿದರೆ ಮಬ್ಬು ಬೆಳಕೂ, ಸಾಲದ ಜನರೂ, ಗುರುತು ಸರಿಯಿಲ್ಲದ ಖಾನೆಯೂ ಮುಂದಿನವನಿಗಾಗಿ ಅಲ್ಲೇ ಕಾಯುತ್ತಿರುತ್ತವೆ.

ನನ್ನದೊಂದು ಆತಂಕವನ್ನೂ ಹೇಳಬೇಕು. ಈ ವ್ಯವಸ್ಥೆ ಬಹಳ ಬೇಗ ಕಾಗದದ ಕೆಲಸವಾಗಿಬಿಡುತ್ತದೆ. ಹತ್ತು ಜನರಿರುವ ಸಣ್ಣ ಕ್ಯಾಮೊದಲ್ಲಿ ದೊಡ್ಡ ಕಂಪನಿಯ ಕೈಪಿಡಿಯನ್ನು ಹೆಸರು ಬದಲಿಸಿ ಇಟ್ಟುಕೊಂಡದ್ದನ್ನು ಕಂಡಿದ್ದೇನೆ. ಸಂಸ್ಥೆಯ ಗಾತ್ರಕ್ಕೂ ಕೆಲಸದ ಸಂಕೀರ್ಣತೆಗೂ ತಕ್ಕಂತೆ ವ್ಯವಸ್ಥೆ ಇರಲಿ ಎಂದು ನಿಯಮವೇ ಹೇಳುತ್ತದೆ. ಹತ್ತು ಜನರಿಗೆ ಒಂದು ಬರೆಯುವ ಪುಸ್ತಕ, ವಾರಕ್ಕೊಮ್ಮೆ ಒಂದು ತಾಸಿನ ಪ್ರಾಮಾಣಿಕ ಮಾತು, ಯಾರು ಏನು ಮಾಡಿದರು ಎಂಬ ದಾಖಲೆ ಸಾಕು. ಮುನ್ನೂರು ಪುಟದ ಕೈಪಿಡಿಯನ್ನು ಅಲ್ಲಿ ಯಾರೂ ಓದುವುದಿಲ್ಲ.

ಅವತ್ತಿನ ಹಾರಾಟದಲ್ಲಿ ಚಿಕ್ಕಮ್ಮನಿಗೆ ಕಿಟಕಿಯ ಬದಿ ಸಿಕ್ಕಿತ್ತು. ಮೋಡ ದಾಟಿದ ಮೇಲೆ ಅವರು ರೆಕ್ಕೆಯ ಹಿಂದಿನ ಅಂಚನ್ನೇ ನೋಡುತ್ತಿದ್ದವರು, ನಾನು ಬಾಯಿ ತೆರೆಯುವ ಮೊದಲೇ ಗಗನಸಖಿಯನ್ನು ಕರೆದು, "ಅಲ್ಲಿ ತೆಳ್ಳಗಿನ ಕಡ್ಡಿಯೊಂದು ನಡುಗುತ್ತಿದೆ, ನೋಡಿ" ಎಂದರು. ಅವು ರೆಕ್ಕೆಯಲ್ಲಿ ಶೇಖರವಾಗುವ ಸ್ಥಿರ ವಿದ್ಯುತ್ತನ್ನು ಗಾಳಿಗೆ ಬಿಡುವ ಕಡ್ಡಿಗಳು, ನಡುಗುವುದು ಸಹಜ. ಆ ಹುಡುಗಿ ಮಾತ್ರ ಬಗ್ಗಿ ಕಿಟಕಿಯಿಂದ ನೋಡಿದಳು, ಯಾವ ಬದಿ, ಎಷ್ಟು ಹೊತ್ತಿನಿಂದ ಎಂದು ಕೇಳಿಕೊಂಡಳು, ಮುಂದೆ ಹೋಗಿ ಪೈಲಟ್‌ಗಳಿಗೆ ತಿಳಿಸಿದಳು. ಎರಡು ನಿಮಿಷದಲ್ಲಿ ತಿರುಗಿ ಬಂದು, ಆ ಕಡ್ಡಿ ಏನು, ಯಾಕೆ ನಡುಗುತ್ತದೆ ಎಂದು ಚಿಕ್ಕಮ್ಮನಿಗೆ ಬಿಡಿಸಿ ಹೇಳಿ, "ಹೇಳಿದ್ದು ಒಳ್ಳೆಯದಾಯಿತು ಅಮ್ಮ, ಇನ್ನೇನಾದರೂ ಕಂಡರೆ ಕರೆಯಿರಿ" ಎಂದಳು. ಬೆಂಗಳೂರಿನಲ್ಲಿ ಚಕ್ರ ನೆಲಕ್ಕೆ ತಾಗುವವರೆಗೂ ಚಿಕ್ಕಮ್ಮ ಆ ರೆಕ್ಕೆಯಿಂದ ಕಣ್ಣು ತೆಗೆಯಲಿಲ್ಲ.